ಏಳು ಗೋಡೆಗಳ ಅಪ್ಪ

ಟಚಿಂಗ್ ಅಕ್ಕನಿಗೆ ಬಾಗಿಲ ಗಂಟೆಯ ಸದ್ದೆಂದರೆ ಆಗುತ್ತಿರಲಿಲ್ಲ. ಮೂವತ್ತಾರು ವರ್ಷ ಒಂದು ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೂತು ಕೆಲಸ ಮಾಡಿದವಳು ಅವಳು. ಮುಂದಿನ ಬಾಗಿಲು ತೆರೆದಾಗಲೆಲ್ಲ ಅದಕ್ಕೆ ಕಟ್ಟಿದ್ದ ಹಿತ್ತಾಳೆ ಗಂಟೆ ಒಮ್ಮೆ ಟಿಣ್ ಎನ್ನುತ್ತಿತ್ತು. ಆಗ ಅವಳ ಕೈಯಲ್ಲಿದ್ದ ಕುಂಚ ಕಾಗದದಿಂದ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಬಂದವರ ದನಿ ಕೇಳಿ, ಇದು ಅವನಲ್ಲ ಎಂದು ಖಾತ್ರಿಯಾದ ಮೇಲೆಯೇ ಮತ್ತೆ ಇಳಿಯುತ್ತಿತ್ತು. ಒಬ್ಬ ಮನುಷ್ಯ ಒಂದಲ್ಲ ಒಂದು ದಿನ ರಸೀದಿ ಹಿಡಿದುಕೊಂಡು ಬಂದು "ನನ್ನ ಫೋಟೋ ಕೊಡಿ" ಎನ್ನುತ್ತಾನೆಂದು ಅವಳು ಅಷ್ಟು ವರ್ಷವೂ ಹೆದರಿಕೊಂಡಿದ್ದಳು.

ಟಚಿಂಗ್ ಎಂದರೆ ಫೋಟೋದಲ್ಲಿನ ಮುಖ ತಿದ್ದುವ ಕೆಲಸ. ಕಂಪ್ಯೂಟರ್ ಬರುವ ಮುಂಚೆ ಅದನ್ನೆಲ್ಲ ಕೈಯಲ್ಲೇ ಮಾಡಬೇಕಿತ್ತು. ಅವಳ ಮೇಜು ಕಿಟಕಿಯ ಪಕ್ಕದಲ್ಲಿತ್ತು. ಮೇಜಿನ ನಡುವೆ ಒಂದು ಗಾಜು, ಗಾಜಿನ ಕೆಳಗೆ ಬೆಳಕನ್ನು ಮೇಲಕ್ಕೆ ಎಸೆಯುವ ಕನ್ನಡಿ. ಗಾಜಿನ ಮೇಲೆ ನೆಗೆಟಿವ್ ಇಟ್ಟು, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್ಲಿನಿಂದ ಚುಕ್ಕಿ ಚುಕ್ಕಿಯಾಗಿ ಮೊಡವೆ ಅಳಿಸುತ್ತಿದ್ದಳು, ಸುಕ್ಕು ತಿಳಿ ಮಾಡುತ್ತಿದ್ದಳು, ಕ್ಯಾಮೆರಾದ ಮುಂದೆ ಕಣ್ಣು ಮುಚ್ಚಿದವರಿಗೆ ಕಣ್ಣು ತೆರೆಸುತ್ತಿದ್ದಳು. ಬೋಳು ತಲೆಯ ಗಿರಾಕಿ ಯಾರಾದರೂ ಮಾಲೀಕರ ಕಿವಿಯಲ್ಲಿ ಏನೋ ಹೇಳಿ ಹೋದರೆ, ಮಾಲೀಕರು ಒಳಗೆ ಬಂದು, "ತಾಯಿ, ಇವರಿಗೆ ಹತ್ತು ವರ್ಷ ಹಿಂದಿನ ತಲೆ ಬೇಕಂತೆ. ಇದ್ದರೆ ಕೊಡು" ಎನ್ನುತ್ತಿದ್ದರು.

ಇನ್ನೊಂದು ಕೆಲಸ ಜೋಡಣೆ. ದೂರದಲ್ಲಿರುವ ಅಣ್ಣನನ್ನೋ ತೀರಿಹೋದ ತಾಯಿಯನ್ನೋ ಮನೆಮಂದಿಯ ಫೋಟೋದಲ್ಲಿ ಸೇರಿಸಿ ಕೊಡಿ ಎಂದು ಜನ ಬರುತ್ತಿದ್ದರು. ಸೇರಿಸಬೇಕಾದವರ ಚಿತ್ರವನ್ನು ಬ್ಲೇಡಿನಿಂದ ಅಂಚಿನಗುಂಟ ಕತ್ತರಿಸಿ, ಅಂಚು ಎದ್ದು ಕಾಣದ ಹಾಗೆ ಹಿಂಬದಿಯನ್ನು ಉಜ್ಜಿ ತೆಳ್ಳಗೆ ಮಾಡಿ, ಇನ್ನೊಂದು ಫೋಟೋದ ಮೇಲೆ ಅಂಟಿಸಬೇಕು. ಸೇರಿದ ಜಾಗಕ್ಕೆ ಬೂದು ಬಣ್ಣ ತುಂಬಬೇಕು. ಆಮೇಲೆ ಇಡೀ ಚಿತ್ರವನ್ನೇ ಮತ್ತೆ ಫೋಟೋ ತೆಗೆದರೆ, ಒಂದೇ ಕೋಣೆಯಲ್ಲಿ ಎಂದೂ ನಿಲ್ಲದ ಜನ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಾರೆ. ಟಚಿಂಗ್ ಅಕ್ಕನ ಜೋಡಣೆಯಲ್ಲಿ ತಪ್ಪು ಹುಡುಕುವುದು ಕಷ್ಟವೆಂದು ಪಕ್ಕದ ಊರಿನ ಸ್ಟುಡಿಯೋದವರೂ ಒಪ್ಪುತ್ತಿದ್ದರು.

ಅವಳು ಈ ಊರಿಗೆ ಬಂದದ್ದು ಒಬ್ಬನನ್ನು ನಂಬಿಕೊಂಡು. ಒಂದೂವರೆ ವರ್ಷ ಇಬ್ಬರೂ ಒಂದು ಮಹಡಿ ಕೋಣೆಯಲ್ಲಿ ಸಂಸಾರ ಮಾಡಿದರು. ಮದುವೆ ಇವತ್ತು ನಾಳೆ ಎನ್ನುತ್ತಲೇ ದಿನ ಹೋಯಿತು. ಹೊಟ್ಟೆಯಲ್ಲಿ ಐದು ತಿಂಗಳಾಗಿದ್ದಾಗ ಅವನು ತನ್ನ ಬಟ್ಟೆಬರೆ ತೆಗೆದುಕೊಂಡು ಹೊರಟುಹೋದ. ಅವಳಿಗೆ ಆಗ ಇಪ್ಪತ್ತೆರಡು. ಹೆಣ್ಣು ಮಗು ಹುಟ್ಟಿ ಮೂರು ತಿಂಗಳಾದ ಮೇಲೆ ಕೋಣೆಯವರು ಖಾಲಿ ಮಾಡು ಎಂದರು. ಬೇರೆ ಕೋಣೆ ಹುಡುಕಿಕೊಂಡು ಹೋದಲ್ಲೆಲ್ಲ ಮೊದಲ ಪ್ರಶ್ನೆ ಒಂದೇ ಆಗಿತ್ತು: "ಮನೆಯವರು ಎಲ್ಲಿ?" ಒಂದು ಮನೆಯಲ್ಲಿ ಬಾಗಿಲು ತೆರೆದ ಹೆಂಗಸು ಮಗುವಿನ ಕೆನ್ನೆ ಸವರಿ, ಎಷ್ಟು ಮುದ್ದಾಗಿದೆ ಎಂದು ಹೇಳಿ, ಉತ್ತರ ಕೇಳಿದ ಮೇಲೆ ಆ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. "ನಮ್ಮದು ಸಂಸಾರಸ್ಥರು ಇರೋ ವಠಾರ ಕಣಮ್ಮ" ಎಂದಳು. ಆ ಕಾಲದಲ್ಲಿ ಸಂಸಾರ ಎಂದರೆ ಅದರಲ್ಲಿ ಒಬ್ಬ ಗಂಡಸು ಇರಲೇಬೇಕಿತ್ತು. ಅವನು ಕುಡುಕನಾದರೂ ನಡೆಯುತ್ತಿತ್ತು, ವರ್ಷಕ್ಕೊಮ್ಮೆ ಬಂದುಹೋದರೂ ನಡೆಯುತ್ತಿತ್ತು.

ಅಷ್ಟರಲ್ಲಿ ಅವಳು ಕೆಲಸಕ್ಕೆ ಸೇರಿ ಜೋಡಣೆ ಕಲಿತಿದ್ದ ಸ್ಟುಡಿಯೋದಲ್ಲಿ ಒಂದು ತಗಡಿನ ಡಬ್ಬವಿತ್ತು. ಫೋಟೋ ತೆಗೆಸಿಕೊಂಡು, ಆಮೇಲೆ ಒಯ್ಯಲು ಬಾರದವರ ಚಿತ್ರಗಳನ್ನು ಅದರಲ್ಲಿ ಹಾಕುತ್ತಿದ್ದರು. ಬಾರದವರ ಡಬ್ಬ ಎಂದೇ ಅದಕ್ಕೆ ಹೆಸರು. ಒಂದು ಮಧ್ಯಾಹ್ನ ಮಾಲೀಕರು ಊಟಕ್ಕೆ ಹೋಗಿದ್ದಾಗ ಅವಳು ಅದರ ಮುಚ್ಚಳ ತೆಗೆದಳು. ಊರಿನವರು ಗುರುತು ಹಿಡಿಯುವಂಥ ಮುಖಗಳನ್ನು ಪಕ್ಕಕ್ಕಿಟ್ಟಳು. ಕೊನೆಗೆ ಒಬ್ಬ ಉಳಿದ. ರಸೀದಿಯಲ್ಲಿ ವಿಳಾಸವಿರಲಿಲ್ಲ, ಬಂದು ಮೂರು ವರ್ಷವಾಗಿತ್ತು. ಮೀಸೆಯಿಲ್ಲದ ಮುಖ. ನಗುವೂ ಅಲ್ಲ, ಸಿಟ್ಟೂ ಅಲ್ಲ. ಗಿರಾಕಿಗಳಿಗೆಂದು ಸ್ಟುಡಿಯೋದಲ್ಲೇ ಇಟ್ಟಿದ್ದ ಕರಿ ಕೋಟು ತೊಟ್ಟಿದ್ದ. ಯಾರೋ ಹಿಂದಿನಿಂದ ಕರೆದಂತೆ ತಲೆ ಸ್ವಲ್ಪ ವಾಲಿತ್ತು. ಎಡ ಭುಜ ತುಸು ಇಳಿದು, ಪಕ್ಕದಲ್ಲಿ ಯಾರಿಗೋ ಜಾಗ ಬಿಟ್ಟವನಂತೆ ನಿಂತಿದ್ದ.

ಆ ಜಾಗದಲ್ಲಿ ಅವಳು ತನ್ನನ್ನೂ ಮಗಳನ್ನೂ ಕೂರಿಸಿದಳು.

ಹೊಸ ಕೋಣೆಯ ಒಡತಿ ಆ ಫೋಟೋವನ್ನು ಬಹಳ ಹೊತ್ತು ನೋಡಿದಳು. "ಒಳ್ಳೆ ಮನುಷ್ಯ. ಕಣ್ಣಲ್ಲೇ ಗೊತ್ತಾಗುತ್ತೆ" ಎಂದಳು. "ದೂರದಲ್ಲಿ ಸೇತುವೆ ಕಟ್ಟೋ ಕೆಲಸ" ಎಂದಳು ಟಚಿಂಗ್ ಅಕ್ಕ. ಅವಳ ಬಾಯಿಂದ ಸೇತುವೆ ಯಾಕೆ ಬಂತೋ ಅವಳಿಗೇ ತಿಳಿಯದು. ಕೋಣೆ ಸಿಕ್ಕಿತು. ಫೋಟೋ ಗೋಡೆಯೇರಿತು.

ಇಂಥ ಮಾತು ಗುಟ್ಟಾಗಿ ಉಳಿಯುವುದಿಲ್ಲ, ಹಾಗೆಂದು ಬಯಲಿಗೂ ಬರುವುದಿಲ್ಲ. ಅದು ಕಿವಿಯಿಂದ ಕಿವಿಗೆ, ಬೇಕಾದವರ ಕಿವಿಗೆ ಮಾತ್ರ ಹೋಗುತ್ತದೆ. ಗಂಡ ಬಿಟ್ಟುಹೋದ ಒಬ್ಬ ದಾದಿ ಬಂದಳು. ಆಮೇಲೆ ಕಾಲೇಜಿನಲ್ಲಿ ಟೈಪಿಂಗ್ ಮಾಡುವವಳು. ಆಮೇಲೆ ಮಾತೇ ಆಡದ ಒಬ್ಬ ಎಳೆಯ ಹೆಂಗಸು, ಮಗುವಿನ ಮುಖವನ್ನು ಕೂಡ ಪೂರ್ತಿ ತೋರಿಸದೆ ಎದೆಗೆ ಒತ್ತಿಕೊಂಡೇ ಕೂತವಳು. ಬಂದವರನ್ನು ಏನೂ ಕೇಳಬಾರದೆಂದು ಟಚಿಂಗ್ ಅಕ್ಕ ತಾನೇ ಒಂದು ನಿಯಮ ಮಾಡಿಕೊಂಡಿದ್ದಳು. ಡಬ್ಬದಲ್ಲಿ ಬೇರೆ ಮುಖಗಳೂ ಇದ್ದವು. ಆದರೆ ಅವರೆಲ್ಲ ಎದೆಯುಬ್ಬಿಸಿ ಒಬ್ಬೊಬ್ಬರೇ ನಿಂತವರು, ಪಕ್ಕದಲ್ಲಿ ಯಾರನ್ನು ಇಟ್ಟರೂ ಒಗ್ಗುತ್ತಿರಲಿಲ್ಲ. ಹಾಗಾಗಿ ಪ್ರತಿ ಸಲವೂ ಕೈ ಅವನ ಕಡೆಗೇ ಹೋಗುತ್ತಿತ್ತು. ಒಬ್ಬಳಿಗೆ ಮೀಸೆಯಿಟ್ಟು ಕೊಟ್ಟಳು, ಇನ್ನೊಬ್ಬಳಿಗೆ ಕನ್ನಡಕ ಹಾಕಿ, ಮತ್ತೊಬ್ಬಳಿಗೆ ಬೈತಲೆ ತಿರುಗಿಸಿ. ಮಾಲೀಕರಿಗೆ ತಿಳಿದೇ ಇತ್ತು. ಒಮ್ಮೆ ಅವಳ ಹಿಂದೆ ನಿಂತು ನೋಡಿ, "ಇವನಿಗೆ ಇನ್ನೂ ಎಷ್ಟು ಸಂಸಾರ ಕಟ್ಟಿಸ್ತೀಯ ತಾಯಿ? ಪಾಪ, ಸೊರಗಿ ಹೋಗಿದ್ದಾನೆ" ಎಂದರು. ಒಟ್ಟು ಏಳು ಮನೆಗಳಾದವು, ತನ್ನದೂ ಸೇರಿ.

ಏಳರಲ್ಲಿ ಒಂದು ಮಾತ್ರ ಅವಸರದ್ದು. ಹೊಲಿಗೆ ಮಾಡುವ ಒಬ್ಬ ಹೆಂಗಸು ಮೂರು ವರ್ಷದ ಗಂಡು ಮಗುವನ್ನು ಎತ್ತಿಕೊಂಡು ಬಂದು, "ನಾಳೆ ಬೆಳಿಗ್ಗೆ ಶಿಶುವಿಹಾರಕ್ಕೆ ಸೇರಿಸಬೇಕು ಅಕ್ಕ, ಅಪ್ಪನ್ನ ನೋಡದೆ ಸೇರಿಸ್ಕೊಳ್ಳಲ್ವಂತೆ. ಫೋಟೋ ಆದ್ರೂ ತೋರಿಸ್ತೀನಿ" ಎಂದಳು. ಮೀಸೆ ಬರೆಯಲು ಸಮಯವಿರಲಿಲ್ಲ. ತನ್ನ ಮನೆಯ ಗೋಡೆಯಲ್ಲಿದ್ದಂತೆಯೇ, ಒಂದು ಚುಕ್ಕಿಯೂ ಬದಲಿಲ್ಲದೆ, ಟಚಿಂಗ್ ಅಕ್ಕ ಅವನನ್ನು ಆ ತಾಯಿಮಗನ ಪಕ್ಕದಲ್ಲಿ ನಿಲ್ಲಿಸಿ ಕಳಿಸಿದಳು.

ಮಗಳಿಗೆ ಆರು ವರ್ಷವಾದಾಗ ಅವಳು ಅವನನ್ನು ಸಾಯಿಸಿದಳು. ಬೇರೆ ದಾರಿಯಿರಲಿಲ್ಲ. ಅಪ್ಪ ಯಾವಾಗ ಬರುತ್ತಾನೆ, ಕಾಗದ ಯಾಕೆ ಬರೆಯುವುದಿಲ್ಲ ಎಂದು ಹುಡುಗಿ ಕೇಳುತ್ತಲೇ ಇದ್ದಳು. ಸೇತುವೆಯ ಕೆಲಸದಲ್ಲಿ ಜ್ವರ ಬಂದು ತೀರಿಕೊಂಡರು ಎಂದು ಒಂದು ಸಂಜೆ ಹೇಳಿಬಿಟ್ಟಳು. ಹೇಳಿದವಳಿಗೆ ಅಳು ಬಂತು. ಸುಳ್ಳಿಗೆ ಬಂದ ಅಳು ನಿಲ್ಲಿಸಲು ಹೋದರೆ ನಿಲ್ಲಲಿಲ್ಲ. ಅಕ್ಕಪಕ್ಕದವರು ಬಂದು ಬೆನ್ನು ಸವರಿದರು. ಅಲ್ಲಿಂದ ಮುಂದೆ ಜನ ಅವಳ ಜೊತೆ ಮೆತ್ತಗೆ ಮಾತಾಡತೊಡಗಿದರು. ಗಂಡ ಬಿಟ್ಟವಳಿಗಿಂತ ಗಂಡನನ್ನು ಕಳೆದುಕೊಂಡವಳಿಗೆ ಮರ್ಯಾದೆ ಹೆಚ್ಚು ಎಂಬುದು ಅವಳಿಗೆ ಅಂದು ತಿಳಿಯಿತು.

ಆದರೆ ಸತ್ತ ಮೇಲೆ ಅವನು ಮನೆಯಲ್ಲಿ ಹೆಚ್ಚಾದ. ಅನ್ನ ಬಡಿಸಿಕೊಂಡು ಕೂತರೆ ಮೇಲಿನಿಂದ ನೋಡುತ್ತಿದ್ದ. ಮಗಳು ಪರೀಕ್ಷೆಗೆ ಹೋಗುವಾಗ ಅವನ ಮುಂದೆ ನಿಂತು ಹೋಗುತ್ತಿದ್ದಳು. "ಅಪ್ಪಂಗೆ ಏನಿಷ್ಟ ಇತ್ತು?" ಎಂದು ಮಗಳು ಕೇಳಿದಾಗಲೆಲ್ಲ ಅವಳು ಏನಾದರೊಂದು ಹೇಳುತ್ತಿದ್ದಳು: ಬಿಸಿ ನೀರು, ನೀಲಿ ಅಂಗಿ, ಗದ್ದಲವಿಲ್ಲದ ಮನೆ. ಬರುಬರುತ್ತಾ ಅವಳೇ ಆ ಅಂಗಿಯನ್ನು ನೋಡಿದ್ದಂತೆ ನೆನಪಾಗತೊಡಗಿತು. ಒಮ್ಮೆ, ಅವಳ ವಯಸ್ಸು ನಲವತ್ತರ ಹತ್ತಿರವಿದ್ದಾಗ, ಬಸ್ ನಿಲ್ದಾಣದಲ್ಲಿ ಎಡ ಭುಜ ಇಳಿಸಿ ನಿಂತಿದ್ದ ಒಬ್ಬನ ಬೆನ್ನು ಕಂಡಿತು. ಅವನು ತಿರುಗುವ ಮೊದಲೇ ಕೊಳ್ಳಬೇಕಿದ್ದ ಸಾಮಾನನ್ನೆಲ್ಲ ಬಿಟ್ಟು ಮನೆಗೆ ಓಡಿಬಂದಳು. ಬಂದರೆ ಅಲ್ಲಿ ಗೋಡೆಯ ಮೇಲೆ ಅವನೇ.

ಮಗಳು ಬೆಳೆದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸಕ್ಕೆ ಸೇರಿದಳು. "ನೀನು ಮುಖ ತಿದ್ದಿದೆ, ನಾನು ಮೂಳೆ ತೋರಿಸ್ತೀನಿ. ನನ್ನ ಹತ್ರ ಟಚಿಂಗ್ ಇಲ್ಲ" ಎಂದು ನಗುತ್ತಿದ್ದಳು. ಮದುವೆಯಾದಳು, ಒಂದು ಹೆಣ್ಣು ಮಗುವಾಯಿತು, ನಾಲ್ಕು ವರ್ಷಕ್ಕೆ ಗಂಡನನ್ನು ಬಿಟ್ಟು ಬಂದಳು. ಈಗ ಮನೆ ಹೇಗೆ ಸಿಗುತ್ತದೆ, ಮಗುವನ್ನು ಶಾಲೆಗೆ ಹೇಗೆ ಸೇರಿಸುತ್ತಾಳೆ ಎಂದು ಟಚಿಂಗ್ ಅಕ್ಕನಿಗೆ ಚಿಂತೆ. ಮಗಳು ಮನೆ ನೋಡಲು ಹೋಗುವಾಗ ಜೊತೆಗೆ ಹೋದಳು, ಬೇಕಾದರೆ ಎರಡು ಸುಳ್ಳು ತಾನೇ ಹೇಳೋಣವೆಂದು.

ಮನೆಯ ಮಾಲೀಕ ಬೀಗದ ಕೈ ತಿರುಗಿಸುತ್ತಾ, "ಎಷ್ಟು ಜನ?" ಎಂದು ಕೇಳಿದ.

"ನಾನು, ಮಗಳು, ನಮ್ಮಮ್ಮ" ಎಂದಳು ಮಗಳು. "ಗಂಡ ಇಲ್ಲ. ಬೇರೆ ಆಗಿದ್ದೀವಿ."

ಟಚಿಂಗ್ ಅಕ್ಕ ಕಣ್ಣು ಮುಚ್ಚಿಕೊಂಡಳು.

"ನಾಯಿ ಇದೆಯಾ?" ಎಂದ ಮಾಲೀಕ.

"ಇಲ್ಲ."

"ಹಾಗಿದ್ರೆ ಸರಿ. ನೀರು ದಿನ ಬಿಟ್ಟು ದಿನ ಬರುತ್ತೆ."

ಅಷ್ಟೇ. ಮಾಲೀಕನ ತಾಯಿ ಆಮೇಲೆ ಕೆಲವು ದಿನ ಬಾಗಿಲ ಹೊರಗಿನ ಚಪ್ಪಲಿಗಳನ್ನು ಎಣಿಸುತ್ತಿದ್ದಳು, ಗಂಡಸರ ಚಪ್ಪಲಿ ಕಾಣದೆ ಬೇಸರವಾಗಿ ಬಿಟ್ಟಳು. ಶಾಲೆಯ ಅರ್ಜಿಯಲ್ಲಿ ಪೋಷಕರ ಹೆಸರು ಎಂದಿತ್ತು, ಒಂದು ಹೆಸರು ಬರೆದರೂ ಸಾಕಿತ್ತು. ಟಚಿಂಗ್ ಅಕ್ಕನಿಗೆ ಸಮಾಧಾನವಾಗಬೇಕಿತ್ತು. ಆಯಿತು ಕೂಡ. ಆದರೆ ಮಗಳು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ ಮಾತಿಗಾಗಿ ತಾನು ಒಬ್ಬ ಮನುಷ್ಯನನ್ನೇ ತಯಾರಿಸಿದ್ದಳು. ಮಗಳ ಸಾಮಾನಿನ ಜೊತೆ ಅವನೂ ಹೊಸ ಮನೆಗೆ ಬಂದು ಗೋಡೆಯೇರಿದ. ಮಗಳೇ ಮೊಳೆ ಹೊಡೆದಳು.

ಮೊಮ್ಮಗಳು ಪುಟ್ಟಿಗೆ ಎಂಟು ವರ್ಷವಾದಾಗ ಶಾಲೆಯಲ್ಲಿ 'ನಮ್ಮ ಮನೆಯವರು' ಎಂಬ ಒಂದು ಪ್ರದರ್ಶನ ಇಟ್ಟರು. ಮನೆಯಲ್ಲಿ ಯಾರಿದ್ದಾರೋ ಅವರದು, ಅವರ ಹಿಂದಿನವರದು, ಹಳೆಯ ಫೋಟೋ ಒಂದು ತನ್ನಿ ಎಂದು ಟೀಚರ್ ಹೇಳಿದ್ದರು. ಟಚಿಂಗ್ ಅಕ್ಕ ಆ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಳು. ಮರಳಿ ಬಂದಾಗ ಗೋಡೆಯ ಮೇಲೆ ಚೌಕಾಕಾರದ ಒಂದು ಬಿಳಿಚಿದ ಜಾಗ ಮಾತ್ರ ಉಳಿದಿತ್ತು. ಡಾಕ್ಟರು ಹಾಕಿದ ಔಷಧಿಯಿಂದ ಅವಳ ಕಣ್ಣು ಮಂಜಾಗಿತ್ತು. ಆ ಮಂಜಿನಲ್ಲಿ, ಅವನು ಗೋಡೆಯಿಂದ ಇಳಿದು ಹೊರಗೆ ಹೋಗಿದ್ದಾನೆ ಎನ್ನಿಸಿತು.

ಎರಡು ದಿನದ ಮೇಲೆ ಪುಟ್ಟಿ ಶಾಲೆಯಿಂದ ಬಂದವಳು ಚೀಲ ಇಳಿಸುವ ಮುಂಚೆಯೇ ಹೇಳಿದಳು. "ಅಜ್ಜಿ, ನಮ್ಮ ಕ್ಲಾಸಲ್ಲಿ ಲಿಫ್ಟ್ ರಿಪೇರಿ ಅಂಕಲ್ ಮಗ ಇಲ್ವಾ, ಅವನ ತಾತನೂ ನಮ್ಮ ತಾತನೂ ಒಂದೇ."

"ಒಂದೇ ಥರ ಇರ್ತಾರೆ ಪುಟ್ಟಿ, ಕೋಟು ಹಾಕ್ಕೊಂಡ್ರೆ ಎಲ್ಲರೂ."

"ಕೋಟಲ್ಲ ಅಜ್ಜಿ. ಮುಖ. ಟೀಚರೂ ನೋಡಿದ್ರು. ಅವನೂ ನಾನೂ ಅಣ್ಣತಂಗಿನಾ ಅಂತ ಎಲ್ಲರೂ ಕೇಳ್ತಿದ್ದಾರೆ. ಅವನಿಗೆ ಸಿಟ್ಟು ಬಂದಿದೆ, ಯಾಕಂದ್ರೆ ಓಟದಲ್ಲಿ ನಾನು ಅವನನ್ನ ಸೋಲಿಸಿದ್ದೀನಿ."

ಮಗಳು ಮಾರನೆಯ ದಿನ ಶಾಲೆಗೆ ಹೋಗಿ ಎರಡೂ ಫೋಟೋ ನೋಡಿ ಬಂದಳು. ಬಂದವಳು ತಾಯಿಯ ಕಡೆ ನೋಡದೆ ಕೈ ತೊಳೆದಳು. ತುಂಬಾ ಹೊತ್ತು ತೊಳೆದಳು. "ಸೇತುವೆ ಕಟ್ಟೋಕೆ ಹೋಗಿದ್ರಂತೆ" ಎಂದಳು. "ಎಲ್ಲಿ ಕಟ್ಟಿದ್ರು ಅಂತ ಈಗ ಗೊತ್ತಾಯ್ತು." ಸ್ವಲ್ಪ ತಡೆದು, "ನಿನಗೆ ಗೊತ್ತಿತ್ತಾ ಅಮ್ಮ?" ಎಂದಳು. ತಾಯಿ ಉತ್ತರ ಕೊಡಲಿಲ್ಲ. ಆ ಮೌನವನ್ನು ಮಗಳು ದುಃಖವೆಂದು ತಿಳಿದು, ಬಂದು ಅವಳ ಕೈ ಹಿಡಿದುಕೊಂಡಳು. ಆ ಕೈ ಹಿಡಿತದಲ್ಲಿ ಟಚಿಂಗ್ ಅಕ್ಕನಿಗೆ ಬಾಯಿ ಬಿಡುವುದು ಇನ್ನೂ ಕಷ್ಟವಾಯಿತು. ಈಗ ಹೇಳಿದರೆ ಮಗಳಿಗೆ ಅಪ್ಪನೂ ಇಲ್ಲ, ನಂಬಿದ ಅಮ್ಮನೂ ಇಲ್ಲ. ಹೇಳದಿದ್ದರೆ ಒಬ್ಬ ಮೋಸಗಾರ ಅಪ್ಪನಾದರೂ ಉಳಿಯುತ್ತಾನೆ.

ಭಾನುವಾರ ಹನ್ನೊಂದು ಗಂಟೆಗೆ ಬಾಗಿಲ ಗಂಟೆ ಸದ್ದು ಮಾಡಿತು. ಟಚಿಂಗ್ ಅಕ್ಕನೇ ತೆರೆದಳು. ಹೊಸ್ತಿಲಾಚೆ ಅವನು ನಿಂತಿದ್ದ. ಎಡ ಭುಜ ತುಸು ಇಳಿದಿತ್ತು, ಯಾರೋ ಹಿಂದಿನಿಂದ ಕರೆದಂತೆ ತಲೆ ವಾಲಿತ್ತು. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಕೊನೆಗೂ ಬಂದ ಎಂದುಕೊಂಡಳು. ಆಮೇಲೆ ಅವನ ಮುಖ ಕಂಡಿತು. ಅದು ಬೇರೆಯ ಮುಖ, ದಪ್ಪ ಹುಬ್ಬಿನ, ನಲವತ್ತರ ಮುಖ. ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ಒಂದು ಫೋಟೋ ಚೌಕಟ್ಟು. ಹಿಂದೆ ಮುಖ ಊದಿಸಿಕೊಂಡ ಒಬ್ಬ ಹುಡುಗ.

"ಲಿಫ್ಟ್ ರಿಪೇರಿ ಮಾಡ್ತೀನಮ್ಮ" ಎಂದ ಅವನು. "ಇವನ ಅಪ್ಪ."

ಅವನ ಹೆಂಡತಿ ಎರಡು ವರ್ಷದ ಹಿಂದೆ ಬಿಟ್ಟು ಹೋಗಿದ್ದಳು, ಮಗನನ್ನು ಅವನೇ ಸಾಕುತ್ತಿದ್ದ. ಅದನ್ನು ಅವನು ಮಾತಿನ ನಡುವೆ ಹೀಗೇ ಹೇಳಿಬಿಟ್ಟ. ಪಕ್ಕದ ಮನೆಯವರು ಒಳ್ಳೆಯವರು, ಗಂಡಸು ಒಬ್ಬನೇ ಏನು ಮಾಡ್ತಾನೆ ಅಂತ ದಿನಾ ಸಾರು ಕಳಿಸುತ್ತಾರೆ ಎಂದ. ತನಗೆ ಅಕ್ಕಪಕ್ಕದವರು ಏನು ಕಳಿಸುತ್ತಿದ್ದರೆಂದು ಟಚಿಂಗ್ ಅಕ್ಕ ನೆನೆಸಿಕೊಂಡಳು. ಪ್ರಶ್ನೆಗಳನ್ನು ಬಿಟ್ಟು ಬೇರೇನೂ ನೆನಪಾಗಲಿಲ್ಲ.

ಮಕ್ಕಳಿಬ್ಬರೂ ನೆಲದ ಮೇಲೆ ಕೂತು ಎರಡು ಫೋಟೋಗಳನ್ನು ಅಕ್ಕಪಕ್ಕ ಇಟ್ಟರು. ಮಗಳು ಟೀ ತಂದಳು. ಬಂದವನು ಲೋಟ ಹಿಡಿದುಕೊಂಡು ಕುಡಿಯುವುದನ್ನು ಮರೆತ.

"ನನಗೆ ಯಾರೂ ಇಲ್ಲ ಅಂದ್ಕೊಂಡಿದ್ದೆ" ಎಂದ. "ಅಮ್ಮ ಹೋಗಿ ಎರಡು ವರ್ಷ ಆಯ್ತು. ಶಾಲೇಲಿ ನಿಮ್ಮ ಫೋಟೋ ನೋಡಿ ಮೊದಲು ಸಿಟ್ಟು ಬಂತು. ಆಮೇಲೆ ಯೋಚನೆ ಮಾಡಿದೆ. ಅಪ್ಪ ಏನಾದ್ರೂ ಮಾಡಿರಲಿ, ನನಗೊಬ್ಬಳು ಅಕ್ಕ ಇದ್ದಾಳಲ್ಲ." ಅಕ್ಕ ಎಂದು ಹೇಳಿ ನಾಚಿಕೊಂಡ. "ಚಿಕ್ಕವನಿದ್ದಾಗ ಕನ್ನಡಿ ಮುಂದೆ ಇವರ ಹಾಗೇ ನಿಲ್ಲೋದು ಅಭ್ಯಾಸ ಮಾಡ್ತಿದ್ದೆ. ಹೀಗೆ. ಅಮ್ಮ ನೋಡಿ ಅಳ್ತಿದ್ರು. ಖುಷಿಗೆ ಅಂದ್ಕೊಂಡಿದ್ದೆ."

ಟಚಿಂಗ್ ಅಕ್ಕ ಅವನ ಭುಜವನ್ನೇ ನೋಡುತ್ತಿದ್ದಳು.

"ನಿಮ್ಮಪ್ಪ ಹೇಗೆ ಹೋದ್ರು ಅಂತ ಹೇಳಿದ್ರು ನಿಮ್ಮಮ್ಮ?" ಎಂದು ಮಗಳು ಕೇಳಿದಳು.

"ಗಣಿ ಕುಸಿದು."

"ನಮಗೆ ಜ್ವರ ಅಂತ."

"ಒಬ್ಬರೇ ಎರಡು ಸಲ ಹೇಗಮ್ಮ ಸಾಯ್ತಾರೆ?" ಎಂದು ಪುಟ್ಟಿ ತಲೆಯೆತ್ತಿದಳು.

"ಸುಮ್ನಿರು ಪುಟ್ಟಿ. ಒಂದು ಸುಳ್ಳು ಇರುತ್ತೆ." ಮಗಳು ಲೋಟ ಕೆಳಗಿಟ್ಟಳು. ಅವಳ ದನಿ ಎಕ್ಸ್‌ರೇ ನೋಡಿ ಹೇಳುವಾಗಿನ ದನಿಯಾಗಿತ್ತು. "ಬೇಜಾರು ಮಾಡ್ಕೋಬೇಡಿ, ತಿಳ್ಕೊಳ್ಳೋಕೆ ಕೇಳ್ತೀನಿ. ನೀವು ಹೇಳಿದ ವಯಸ್ಸು ನೋಡಿದ್ರೆ ನಾನು ನಿಮಗಿಂತ ಮೂರು ವರ್ಷ ದೊಡ್ಡವಳು. ಅಂದ್ರೆ ನಮ್ಮಮ್ಮ ಮೊದಲು. ನಿಮ್ಮಮ್ಮ ಆಮೇಲೆ ಬಂದವರು. ಅವರಿಗೆ ಗೊತ್ತಿತ್ತಾ, ಇವರಿಗೆ ಒಂದು ಸಂಸಾರ ಇದೆ ಅಂತ?"

ಬಂದವನ ಕಿವಿ ಕೆಂಪಾಯಿತು. "ನಮ್ಮಮ್ಮ ಅಂಥವರಲ್ಲ."

"ನಾನು ಅಂಥವರು ಅನ್ಲಿಲ್ಲ."

"ಅಂದ ಹಾಗೇ ಆಯ್ತಲ್ಲ. ಹಗಲೂ ರಾತ್ರಿ ಹೊಲಿಗೆ ಹಾಕಿ ಬೆಳೆಸಿದ್ದಾರೆ ನನ್ನ. ಒಬ್ಬರ ಕಡೆ ತಲೆಯೆತ್ತಿ ನೋಡಿದವರಲ್ಲ. ಸತ್ತವರ ಬಗ್ಗೆ—" ಅವನು ಮಾತು ನುಂಗಿಕೊಂಡು ಎದ್ದುನಿಂತ. "ಬಾರೋ ಮಗ, ಹೋಗೋಣ."

ಟಚಿಂಗ್ ಅಕ್ಕನಿಗೆ ಆ ಹೊಲಿಗೆಯ ಹೆಂಗಸು ಕಣ್ಣ ಮುಂದೆ ಬಂದಳು. ಸ್ಟುಡಿಯೋದ ಸ್ಟೂಲಿನ ಅಂಚಿನಲ್ಲಿ ಕೂತು, ಮಗನ ಅಂಗಿಯ ಗುಂಡಿ ಮೂರು ಸಲ ಬಿಚ್ಚಿ ಮೂರು ಸಲ ಹಾಕಿದ್ದಳು. ಯಾವ ಮಾತಿನಿಂದ ತಪ್ಪಿಸಿಕೊಳ್ಳಲು ಅವಳು ಅಂದು ಓಡಿಬಂದಿದ್ದಳೋ, ಅದೇ ಮಾತು ಸುಮಾರು ನಲವತ್ತು ವರ್ಷದ ಮೇಲೆ, ಅವಳು ಸತ್ತ ಮೇಲೆ, ಈ ಮನೆಯಲ್ಲಿ, ತಾನು ಮಾಡಿಕೊಟ್ಟ ಫೋಟೋದಿಂದಲೇ ಅವಳಿಗೆ ಅಂಟುತ್ತಿತ್ತು.

"ಕೂತ್ಕೋಪ್ಪ" ಎಂದಳು. "ನಿಮ್ಮಮ್ಮ ಆಮೇಲೆ ಬಂದವಳಲ್ಲ. ನಾನೂ ಮೊದಲಿನವಳಲ್ಲ. ಇವನಿಗೂ ನಮಗೂ ಏನೂ ಸಂಬಂಧ ಇಲ್ಲ. ಇವನು ಯಾರು ಅಂತ ನನಗೆ ಗೊತ್ತಿಲ್ಲ."

ಅವಳು ಎರಡು ಚೌಕಟ್ಟುಗಳನ್ನೂ ಕಿಟಕಿಯ ಬೆಳಕಿಗೆ ಹಿಡಿದಳು. "ಹಿಂದಿನ ಪರದೆ ನೋಡಿ. ನನ್ನ ನೆರಳು ಬಿದ್ದಿದೆ, ಮಗೂದು ಬಿದ್ದಿದೆ. ಇಲ್ಲಿ ನಿಮ್ಮಮ್ಮಂದು, ನಿನ್ನದು. ಇವನಿಗೆ ಎರಡರಲ್ಲೂ ನೆರಳಿಲ್ಲ. ಮುಖ ಎಲ್ಲ ತಿದ್ದಿದೆ. ನೆರಳು ಬರೆಯೋಕೆ ಮಾತ್ರ ಕೈ ಬರಲಿಲ್ಲ." ಆಮೇಲೆ ಡಬ್ಬದ ವಿಷಯ ಹೇಳಿದಳು, ಕೋಣೆ ಹುಡುಕಿದ್ದು, ಹೊಲಿಗೆಯ ಹೆಂಗಸಿನ ಅವಸರ, ಉಳಿದ ಐದು ಮನೆಗಳು. ಹೇಳುತ್ತಾ ಹೋದಂತೆ ದನಿ ಸಣ್ಣದಾಗುತ್ತಾ ಬಂತು.

ಬಂದವನು ತನ್ನ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ನೆರಳಿಲ್ಲದ ಜಾಗವನ್ನು ಬೆರಳಿನಿಂದ ಸವರಿದ.

"ಅಮ್ಮ ಹೋಗೋ ಮುಂಚೆ ಒಂದು ವಾರ ಇವರ ಜೊತೆ ಮಾತಾಡ್ತಿದ್ರು" ಎಂದ. "ಇಷ್ಟು ತಡವಾಗಿ ಬರೋದಾ, ಹುಡುಗನ್ನ ಒಬ್ಬಳೇ ಬೆಳೆಸಿದೆ ಅಂತ ಬೈತಿದ್ರು. ಆಮೇಲೆ ಜಾಗ ಬಿಟ್ಟು ಗೋಡೆ ಕಡೆ ಸರಿದು ಮಲಗ್ತಿದ್ರು. ಅವರಿಗೆ ಗೊತ್ತಿತ್ತಲ್ವಾ, ಯಾರೂ ಇಲ್ಲ ಅಂತ?"

"ಗೊತ್ತಿತ್ತು."

"ಹಾಗಾದ್ರೆ ನಮ್ಮಪ್ಪ ಯಾರು?"

"ಅವಳು ಹೇಳಲಿಲ್ಲ. ನಾನು ಕೇಳಲಿಲ್ಲ. ಕೇಳದೆ ಇರೋದೇ ಒಳ್ಳೇದು ಅಂದ್ಕೊಂಡಿದ್ದೆ ಆಗ."

ಅವನು ಎದ್ದ. ಚೌಕಟ್ಟನ್ನು ಪೇಪರಿನಲ್ಲಿ ಸುತ್ತಲು ಹೋಗಿ, ಆಗದೆ, ಹಾಗೇ ಹಿಡಿದುಕೊಂಡ. ಬಾಗಿಲ ಹತ್ತಿರ ಅವನ ಎಡ ಭುಜ ಎಂದಿನಂತೆ ಇಳಿಯಿತು. ಅದು ಅವನ ಗಮನಕ್ಕೆ ಬಂತು. ಮೇಲೆತ್ತಿದ, ಮತ್ತೆ ಇಳಿಸಿದ, ತಲೆ ನೆಟ್ಟಗೆ ಮಾಡಿದ. ಹೇಗೆ ನಿಲ್ಲಬೇಕೆಂದು ಅವನಿಗೆ ತಿಳಿಯಲಿಲ್ಲ. ಹುಡುಗ ಬಂದು ಕೈ ಹಿಡಿದು ಎಳೆದ ಮೇಲೆ ಹೊರಟ. ಪುಟ್ಟಿ ಅವರ ಜೊತೆ ಗೇಟಿನವರೆಗೆ ಹೋದಳು.

ಮನೆಯಲ್ಲಿ ತಾಯಿ ಮಗಳು ಇಬ್ಬರೇ ಉಳಿದರು. ಮಗಳು ಲೋಟಗಳನ್ನು ತೆಗೆದಳು, ಮೇಜು ಒರೆಸಿದಳು, ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು.

"ಮದುವೆ ಆಗಿರಲಿಲ್ಲ ಅನ್ನೋದಕ್ಕಾ ಅಮ್ಮ?" ಎಂದಳು. "ಅಷ್ಟಕ್ಕಾ?"

ಟಚಿಂಗ್ ಅಕ್ಕ ಹೌದೆಂದು ತಲೆಯಾಡಿಸಿದಳು. ಅಷ್ಟಕ್ಕೇ. ಆ ಅಷ್ಟು ಆಗ ಎಷ್ಟು ದೊಡ್ಡದಾಗಿತ್ತೆಂದು ಹೇಳಬೇಕೆನ್ನಿಸಿತು, ಯಾರನ್ನು ಸಾಕ್ಷಿಗೆ ಕರೆಯುವುದೆಂದು ತಿಳಿಯಲಿಲ್ಲ. ಬೆರಳು ಒರೆಸಿಕೊಂಡ ಹೆಂಗಸು ಸತ್ತು ಎಷ್ಟೋ ಕಾಲವಾಗಿತ್ತು. ಕಣ್ಣಲ್ಲೇ ಗೊತ್ತಾಗುತ್ತೆ ಎಂದಿದ್ದ ಒಡತಿಯೂ ಇರಲಿಲ್ಲ. ಆ ವಠಾರವನ್ನು ಕೆಡವಿ ಅಲ್ಲಿ ಈಗ ಕಾರು ನಿಲ್ಲಿಸುತ್ತಿದ್ದರು. ಹೆದರಿಸಿದವರೆಲ್ಲ ಹೋಗಿದ್ದರು. ಹೆದರಿಕೆ ಮಾತ್ರ ಅವಳ ಜೊತೆ ಮನೆಯಿಂದ ಮನೆಗೆ ಬಂದಿತ್ತು.

"ಮದುವೆ ವಿಷಯ ಬಿಡು" ಎಂದಳು ಮಗಳು. "ಅದರಲ್ಲಿ ನನಗೇನೂ ಇಲ್ಲ. ಆದ್ರೆ ನಾನು ಇವನಿಗೆ ಎಲ್ಲ ಹೇಳ್ತಿದ್ದೆ ಅಮ್ಮ. ಪರೀಕ್ಷೆ, ಕೆಲಸ ಎಲ್ಲ. ಗಂಡನ್ನ ಬಿಟ್ಟು ಬಂದ ದಿನ ಮೊದಲು ಹೇಳಿದ್ದು ನಿನಗಲ್ಲ, ಇವನಿಗೆ. ನೀನು ಪಕ್ಕದ ಕೋಣೇಲೇ ಇದ್ದೆ."

"ಕೇಳಿಸ್ತಿತ್ತು" ಎಂದಳು ಟಚಿಂಗ್ ಅಕ್ಕ.

ಮಗಳು ಒರೆಸುವ ಬಟ್ಟೆಯನ್ನು ಮಡಿಸಿಟ್ಟು, ತಾಯಿಯ ಎದುರು ಕುರ್ಚಿ ಎಳೆದುಕೊಂಡು ಕೂತಳು. ಹತ್ತಿರವಲ್ಲ, ಸ್ವಲ್ಪ ದೂರದಲ್ಲೇ.

"ನಿಜವಾದವರು ಹೇಗಿದ್ರು?"

ಟಚಿಂಗ್ ಅಕ್ಕ ಕಣ್ಣು ಮುಚ್ಚಿದಳು. ಒಂದೂವರೆ ವರ್ಷ ಒಂದೇ ಕೋಣೆಯಲ್ಲಿದ್ದವನು. ಹಣೆ ನೆನಪಿಗೆ ತಂದಳು, ಅದು ಡಬ್ಬದವನ ಹಣೆ. ಕಣ್ಣು ತಂದಳು, ಅದೂ ಅವನದೇ. ನೀಲಿ ಅಂಗಿ ಬಂತು, ಅದು ತಾನು ಕಟ್ಟಿದ ಕತೆ. ಸಾವಿರಾರು ಮುಖಗಳ ಒಂದೊಂದು ಮಚ್ಚೆಯನ್ನೂ ನೆನಪಿಟ್ಟಿದ್ದವಳಿಗೆ ಆ ಒಂದು ಮುಖ ಎಲ್ಲೂ ಸಿಗಲಿಲ್ಲ. ಅವಳೇ ಅದರ ಮೇಲೆ ಇನ್ನೊಬ್ಬನನ್ನು ಅಂಟಿಸಿ, ಅಂಚು ತಿಳಿಯದ ಹಾಗೆ ಬಣ್ಣ ತುಂಬಿಬಿಟ್ಟಿದ್ದಳು.

"ಮುಖ ಬರ್ತಿಲ್ಲ ಮಗಳೇ" ಎಂದಳು. "ಇವನೇ ಬರ್ತಾನೆ. ಹೋದ ದಿನ ಮರದ ಮೆಟ್ಟಿಲು ಇಳಿದ ಸದ್ದು ಮಾತ್ರ ಇದೆ. ನಡುವೆ ಒಂದು ಕಡೆ ನಿಂತಿತ್ತು ಅದು. ಆಮೇಲೆ ಇಳೀತು."

ಹೊರಗೆ ಗೇಟು ಹಾಕಿದ ಸದ್ದಾಯಿತು. ಪುಟ್ಟಿ ಒಳಗೆ ಬಂದು, ಇಬ್ಬರ ಮುಖ ನೋಡಿ, ಸದ್ದಿಲ್ಲದೆ ಗೋಡೆಗೆ ಒರಗಿ ಕೂತಳು.

"ಎಷ್ಟನೇ ಮೆಟ್ಟಿಲಲ್ಲಿ ನಿಂತ್ರು?" ಎಂದು ಮಗಳು ಕೇಳಿದಳು.

"ಒಂಬತ್ತು ಇಳಿದ ಮೇಲೆ. ಇನ್ನು ನಾಲ್ಕಿತ್ತು."

"ಎಷ್ಟು ಹೊತ್ತು?"

ಟಚಿಂಗ್ ಅಕ್ಕ ಯೋಚಿಸಿದಳು. ಈ ಸಲ ಏನಾದರೊಂದು ಹೇಳಿಬಿಡಬಾರದೆಂದು ಬಹಳ ಹೊತ್ತು ಯೋಚಿಸಿದಳು. ಮಗಳು ಕಾಯುತ್ತಾ ಕೂತಿದ್ದಳು.